ಹಾಲಿನ ಪಾಕೀಟು ತೊಳಿಯೂದು ಬಿಡ್ರಿ, ಕಿಡಕಿ ತಗೀರಿ

ಲೀಡ್ಸ್
ಮೇ 18, 2021

ತೀರ್ಥರೂಪ ಅಪ್ಪಗ, ಅವ್ವಗ ಮಗಳ ನಮಸ್ಕಾರ. ಅಣ್ಣಾ, ವೈನಿ, ನೀವೂ ಓದ್ರಿ.

ಕೊರೊನಾ ಬಗ್ಗೆ ಫೋನಿನಾಗ ಹೇಳಿದ ಅರ್ಧಾ ಮಾತು ಮಗ್ಗದ ಸಪ್ಪಳದಾಗ ಹೋಗತೈತಿ. ಅದಕ್ಕ ಬರದು ಫೋಟೋ ತಗದು ಕಳಸೇನಿ. ವೈನಿ, ದಪ್ಪ ಅಕ್ಷರದಾಗ ನಕಲು ಮಾಡಿ ಪಡಸಾಲಿ ಗ್ವಾಡಿಗೆ ಹಚ್ರಿ.

ಅವ್ವಾ, ಹಾಲಿನ ಪಾಕೀಟು, ಕೊತಂಬರಿ, ಹತ್ತರ ನೋಟು ತೊಳಿಯೂದು ಇವತ್ತಿಗೆ ಬಿಡು. ರೋಗ ತಡಿಯೋ ಅಮೆರಿಕದ ಸರ್ಕಾರಿ ಸಂಸ್ಥೆ ಸಿಡಿಸಿ ಹೋದ ತಿಂಗಳ ಲೆಕ್ಕಾ ಹೇಳೈತಿ: ವೈರಸ್ ಹತ್ತಿದ ವಸ್ತು 10,000 ಸಲ ಮುಟ್ಟಿದ್ರ ಜಡ್ಡು ಬರೂದು ಒಂದು ಸಲಕ್ಕಿಂತ ಕಡಿಮಿ. ಕೈ ತೊಳಿಯೂದು ಮಾತ್ರ ಬಿಡಬ್ಯಾಡ. ಈ ವೈರಸ್ಸಿನ ಮ್ಯಾಲಿನ ಹೊದಿಕಿ ಜಿಡ್ಡಿಂದು. ತುಪ್ಪದ ಬಟ್ಲ ಬರೇ ನೀರಿಗೆ ಬಿಡೂದಿಲ್ಲ, ಸಾಬೂನಿಗೆ ಬಿಡತೈತಲ್ಲ, ಅದೇ ಕೆಲಸ ಇಲ್ಲೂ ಆಗತೈತಿ. 20 ಸೆಕೆಂಡ್ ತಿಕ್ಕಬೇಕು, ಬೆರಳಸಂದಿ ಸೇರಿ.

ಖರೇ ಭಯಾ ಇರೂದು ಗಾಳ್ಯಾಗ. ಕೆಮ್ಮಿದಾಗ, ಮಾತಾಡಿದಾಗ ಬರೋ ದೊಡ್ಡ ಹನಿ ಅಲ್ಲೇ ಹತ್ರ ನೆಲಕ್ಕ ಬೀಳತಾವು. ಕಣ್ಣಿಗೆ ಕಾಣದ ಸಣ್ಣ ಹನಿ ತಾಸುಗಟ್ಟಲೆ ತೇಲತಾವು. ಮುಚ್ಚಿದ ಖೋಲ್ಯಾಗ ಒಬ್ಬಾಂವ ಬೀಡಿ ಸೇದಿ ಎದ್ದು ಹೋದ ಮ್ಯಾಲೂ ವಾಸನಿ ನಿಂತಿರತೈತಿ ನೋಡ್ರಿ, ಹಂಗ. ಅದಕ್ಕ ಆರು ಅಡಿ ದೂರ ಕುಂತೇವಿ ಅಂತ ಮುಚ್ಚಿದ ಖೋಲ್ಯಾಗ ಧೈರ್ಯಾ ತಗೋಬ್ಯಾಡ್ರಿ.

ನಮ್ಮ ಮನ್ಯಾಗ ವೈರಸ್ಸಿಗೆ ಎಲ್ಲಕ್ಕಿಂತ ಅನುಕೂಲದ ಜಾಗಾ ಮಗ್ಗದ ಖೋಲಿ. ಹಾಸಿನ ಎಳಿ ಒಣಗಿ ಹರಿತಾವ ಅಂತ ಕಿಡಕಿ ಮುಚ್ಚಿರತೀರಿ. ನಾಕು ಮಂದಿ ಕುಣಿಮಗ್ಗದಾಗ ಹತ್ತತ್ರ ಕುಂತು, ಲಾಳಿ ಸಪ್ಪಳಕ್ಕ ಒದರಿ ಒದರಿ ಮಾತಾಡತೀರಿ. ಒದರಿದಷ್ಟೂ ಬಾಯಿಂದ ಸಣ್ಣ ಹನಿ ಹೆಚ್ಚು. ಎಳಿಗೆ ತಂಪು ಬೇಕಂದ್ರ ನೆಲಕ್ಕ ನೀರು ಚಿಮುಕಸ್ರಿ, ಒದ್ದಿ ಗೋಣಿತಟ್ಟು ಹಾಸ್ರಿ, ಆದ್ರ ಎದರಾಬದರಾ ಎರಡು ಕಿಡಕಿ ತಗದಿರಲಿ. ಬೆಳಕಿಂಡೀನೂ ಸರಸ್ರಿ, ಬಿಸಿ ಗಾಳಿ ತಾನ ಮ್ಯಾಲೆ ಹೋಗತೈತಿ. ದಿನಕ್ಕ ಒಂದೆರಡು ಎಳಿ ಹೆಚ್ಚು ಹರಿದ್ರೂ ಚಿಂತಿಲ್ಲ, ಗಂಟು ಹಾಕಬಹುದು.

ಗಾಳಿ ಆಡತೈತೋ ಇಲ್ಲೋ ನೋಡಾಕ ಮಷಿನ್ ಬ್ಯಾಡ. ಒಂದು ಊದಿನಕಡ್ಡಿ ಹಚ್ಚಿ ಕಿಡಕಿ ಹತ್ರ ಹಿಡೀರಿ. ಹೊಗಿ ಹೊರಗ ಎಳಕೊಂಡ ಹೋದ್ರ ಆ ಕಿಡಕಿ ಗಾಳಿ ಹೊರಗ ಹಾಕತೈತಿ. ಒಳಗ ತಿರುಗಿದ್ರ ಹೊರಗಿನ ಗಾಳಿ ತರತೈತಿ. ಎರಡೂ ಬೇಕು. ಹೊಗಿ ನೆಟ್ಟಗ ಏರಿ ಜಂತಿ ಕೆಳಗ ಮ್ವಾಡದಂಗ ನಿಂತ್ರ ಆ ಖೋಲ್ಯಾಗ ಗಾಳಿ ಸತ್ತೈತಿ.

ಯಾರಿಗಾದ್ರೂ ಜ್ವರ ಬಂದ್ರ ಹಿತ್ತಲ ಕಡಿ ಖೋಲಿ ಬಿಟ್ಟುಕೊಡ್ರಿ. ಟೇಬಲ್ ಫ್ಯಾನ್ ಕಿಡಕ್ಯಾಗ ಹೊರಮಖ ಮಾಡಿ ಇಟ್ಟು, ಸುತ್ತಲಿನ ಸಂದು ರಟ್ಟಿನಿಂದ ಮುಚ್ರಿ. ಆಗ ಬಾಗಲ ಕೆಳಗಿನ ಸಂದಿನಿಂದ ಮನಿ ಗಾಳಿ ಆ ಖೋಲಿಗೆ ಹೋಗಿ, ಅಲ್ಲಿಂದ ಹಿತ್ತಲಕ್ಕ ಬೀಳತೈತಿ. ಫ್ಯಾನ್ ಒಳಮಖ ಆದ್ರ ಜಡ್ಡಾದವರ ಉಸಿರು ಪಡಸಾಲಿಗೆ ನೂಕಿದಂಗ. ಕಿಡಕಿ ಮುಚ್ಚಿ ಬರೇ ಸೀಲಿಂಗ್ ಫ್ಯಾನ್ ಹಚ್ಚಿದ್ರ ಇದ್ದ ಗಾಳೀನ ಕಲಕಿದಂಗ ಅಷ್ಟ. ಊದಿನಕಡ್ಡಿ ಪರೀಕ್ಷಾ ಮೊದಲ ಮುಗಸ್ರಿ, ಕೆಮ್ಮೋ ಮನಿಶ್ಯಾಗ ಆ ಹೊಗಿ ಬ್ಯಾಡ.

ಮಾಸ್ಕ್: ಆ ಖೋಲಿಗೆ ಹೋಗಾವರು ಎನ್-95 ಹಾಕ್ಕೋರಿ, ಒಳಗಿದ್ದವರೂ ಆ ಹೊತ್ತಿಗೆ ಮಾಸ್ಕ್ ಹಾಕ್ಕೊಳ್ಳಿ. ಮೂಗಿನ ಪಟ್ಟಿ ಒತ್ತಿ, ಜೋರಾಗಿ ಊದಿ, ಕಣ್ಣಿನ ಕಡಿ ಗಾಳಿ ಬಂದ್ರ ಮತ್ತ ಒತ್ರಿ. ಅಣ್ಣಾ, ಆ ಗಡ್ಡ ತಗಿ, ಗಡ್ಡದ ಸಂದಿನಾಗ ಎಲ್ಲಾ ಸೋರತೈತಿ. ಎನ್-95 ತೊಳಿಯೂದಲ್ಲ. ಐದು ಮಾಸ್ಕ್ ಐದು ಕಾಗದದ ಚೀಲದಾಗ ಇಟ್ಟು ದಿನಕ್ಕೊಂದರಂಗ ತಿರುಗಸ್ರಿ. ಸೀರಿ ಸೆರಗು ಮಾಸ್ಕ್ ಅಲ್ಲ ಅವ್ವಾ, ನಮ್ಮ ಬೆಟಗೇರಿ ಸೀರಿ ಆದ್ರೂ.

ಈಗ ಜ್ವರದ ದಿನಾ ಎಣಿಸೂದು. ಜ್ವರ, ಗಂಟಲಕೆರತ, ಮೈನೋವು, ಯಾವದ ಮೊದಲ ಬಂತೋ ಆ ದಿನಾ ಕ್ಯಾಲೆಂಡರ್‌ನಾಗ ಗುರುತು ಹಾಕ್ರಿ. ಜಡ್ಡು ಜೋರಾಗೂದಿದ್ರ ಹೆಚ್ಚಾಗಿ ಐದರಿಂದ ಹತ್ತನೇ ದಿನದೊಳಗ. ನಾಕನೇ ದಿನಾ ಜ್ವರ ಬಿಟ್ಟಿತು ಅಂತ ಮಗ್ಗಕ್ಕ ಕೂಡಬ್ಯಾಡ್ರಿ. ಕೆಲವರಿಗೆ ಆಕ್ಸಿಜನ್ ಇಳದ್ರೂ ದಮ್ಮು ಹತ್ತೂದಿಲ್ಲ, ನಕ್ಕೋತ ಮಾತಾಡತಿರತಾರ. ಅದಕ್ಕ ಬೇಕು ಆಕ್ಸಿಮೀಟರ್, ಬೆರಳಿಗೆ ಹಚ್ಚಿ ರಕ್ತದಾಗಿನ ಆಕ್ಸಿಜನ್ ನೋಡೋ ಮಷಿನ್.

ಅದನ್ನ ಹಚ್ಚೋದ್ರಾಗೂ ತಪ್ಪಾಗತೈತಿ. ಐದು ನಿಮಿಷ ಸುಮ್ಮನ ಕುಂತು, ಕೈ ತಣ್ಣಗಿದ್ರ ತಿಕ್ಕಿ ಬೆಚ್ಚಗ ಮಾಡಿ, ಮೆಹಂದಿ, ನೇಲ್ ಪಾಲಿಶ್, ನೂಲಿನ ಬಣ್ಣ ಹತ್ತದ ಬೆರಳಿಗೆ ಹಚ್ರಿ. ಒಂದು ನಿಮಿಷ ಬಿಟ್ಟು, ಅಂಕಿ ಓಡಾಡೂದು ನಿಂತ ಮ್ಯಾಲೆ ಬರಕೋರಿ. ಎರಡು ಅಂಕಿ ಬರತಾವು: ಎಸ್‌ಪಿಒ2 ಅಂದ್ರ ಆಕ್ಸಿಜನ್, ಪಿಆರ್ ಅಂದ್ರ ನಾಡಿ. ನಾಡಿ 78 ಕಂಡು ಹೌಹಾರಬ್ಯಾಡ್ರಿ. ಇನ್ನೊಂದು, ಮಷಿನ್ ತಲಿಕೆಳಗ ಹಿಡದು ಓದಿದ್ರ 98 ಅನ್ನೂದು 86 ಆಗತೈತಿ! ಎಸ್‌ಪಿಒ2 ಅಕ್ಷರ ನೆಟ್ಟಗ ಕಂಡ ಮ್ಯಾಲೆ ಅಂಕಿ ಓದ್ರಿ. ಕಪ್ಪು ಮೈಬಣ್ಣಕ್ಕ ಈ ಮಷಿನ್ ಕೆಲವು ಸಲ ತುಸು ಹೆಚ್ಚ ತೋರಸ್ತೈತಿ, ಅದಕ್ಕ 94 ಬಂದ್ರ ಅದೂ ಗಡಿ ಅಂತ ತಿಳೀರಿ.

ದಿನಕ್ಕ ಮೂರು ಸಲ ಬರೀರಿ. 94 ಇಲ್ಲಾ ಹೆಚ್ಚಿದ್ರ ಮಷಿನ್ ಬೆರಳಿಗೆ ಹಾಕ್ಕೊಂಡು ಖೋಲ್ಯಾಗ ಆರು ನಿಮಿಷ ಅಡ್ಡಾಡಬೇಕು, ಅಪ್ಪಗ ಮೂರು ನಿಮಿಷ ಸಾಕು. ಬಾಗಲದಾಗ ಒಬ್ಬರು ನಿಂತಿರ್ರಿ. ಅಡ್ಡಾಡಿದ ಮ್ಯಾಲೆ 93ರ ಕೆಳಗ ಬಂದ್ರ, ಇಲ್ಲಾ ಮೊದಲಿಗಿಂತ 3ಕ್ಕೂ ಹೆಚ್ಚು ಇಳದ್ರ, ದವಾಖಾನಿಗೆ ಹೊಂಡ್ರಿ. ಕುಂತಾಗನ 94ಕ್ಕಿಂತ ಕಡಿಮಿ ಇದ್ರ ಅಡ್ಡಾಡಸಬ್ಯಾಡ್ರಿ, ನೆಟ್ಟಗ 108ಕ್ಕ ಫೋನ್ ಮಾಡ್ರಿ. ಗಾಡಿ ಬರೂ ತನಕ ಬೋರಲ ಮಲಗಸ್ರಿ: ಕುತ್ತಿಗಿ ಕೆಳಗ ಒಂದು ತಲಿದಿಂಬು, ಎದಿಯಿಂದ ತೊಡಿ ತನಕ ಒಂದೆರಡು, ಮೊಣಕಾಲ ಕೆಳಗ ಎರಡು. ಊಟಾ ಆಗಿ ಒಂದು ತಾಸು ಆಗಿರಬೇಕು. ಪುಪ್ಪುಸದ ಹಿಂದಿನ ಭಾಗಕ್ಕ ಗಾಳಿ ಹೋಗತೈತಿ, ಅಂಕಿ ಏರಬಹುದು. ಏರಿತು ಅಂತ 108 ವಾಪಸ್ ಕಳಸಬ್ಯಾಡ್ರಿ.

ಔಷಧಿ ಮಾತು ಸಿಟ್ಟಿನಿಂದ ಬರಿಯಾಕತ್ತೇನಿ. ಔಷಧಿ ಅಂಗಡ್ಯಾಗ ಡಾಕ್ಟರ್ ಚೀಟಿ ಇಲ್ಲದ ಕೊಡೋ 'ಕೊರೊನಾ ಕಿಟ್' ತರಬ್ಯಾಡ್ರಿ. ಅದ್ರಾಗ ಡೆಕ್ಸಾಮೆಥಾಸೋನ್ ಥರದ ಸ್ಟೆರಾಯ್ಡ್ ಇರತಾವು. 2020ರ ಜೂನ್‌ದಾಗ ಇಲ್ಲಿ ಬ್ರಿಟನ್ನಿನ ದವಾಖಾನಿಗಳಾಗ ನಡದ ರಿಕವರಿ ಅನ್ನೋ ಔಷಧಿ ಪ್ರಯೋಗ ತೋರಿಸಿದ್ದು ಇಷ್ಟ: ಆಕ್ಸಿಜನ್ ಮ್ಯಾಲಿದ್ದವರಿಗೆ ಅದು ಜೀವಾ ಉಳಸ್ತೈತಿ, ಆಕ್ಸಿಜನ್ ಬ್ಯಾಡಾದವರಿಗೆ ಉಪಯೋಗ ಇಲ್ಲ. ಮೊದಲ ವಾರದಾಗ ತಗೊಂಡ್ರ ವೈರಸ್ ಜೋಡಿ ಹೊಡದಾಡೋ ಮೈಯ ಕೈಕಟ್ಟಿದಂಗ. ಅಪ್ಪಗ ಶುಗರ್ ಐತಿ, ಸ್ಟೆರಾಯ್ಡ್ ಅದನ್ನ ಏರಸ್ತೈತಿ, ಈಗ ಸುದ್ದ್ಯಾಗಿರೋ ಕಪ್ಪು ಶಿಲೀಂಧ್ರಕ್ಕ ಅದ ದಾರಿ. ಅಜಿಥ್ರೋಮೈಸಿನ್ ಬ್ಯಾಕ್ಟೀರಿಯಾಕ್ಕ, ವೈರಸ್ಸಿಗಲ್ಲ. ಜ್ವರಕ್ಕ ಪ್ಯಾರಾಸಿಟಮಾಲ್ 650, ಆರು ತಾಸಿಗೊಂದು, ದಿನಕ್ಕ ನಾಕಕ್ಕಿಂತ ಹೆಚ್ಚು ಬ್ಯಾಡ. ಬಿಸಿನೀರ ಹಬಿ ಗಂಟಲಿಗೆ ಹಿತ ಅನಸ್ತೈತಿ, ವೈರಸ್ ಸಾಯೂದಿಲ್ಲ, ಹುಡುಗರ ಮೈ ಮಾತ್ರ ಸುಡತೈತಿ.

ಲಸಿಕಿ: ಅಪ್ಪ, ಅವ್ವ ಎರಡನೇ ಡೋಸ್ ಬಿಡಬ್ಯಾಡ್ರಿ. ಕೋವಿಶೀಲ್ಡ್‌ಗೆ ಹೋದ ವಾರ ಅಂತರ 12ರಿಂದ 16 ವಾರಕ್ಕ ಏರಿಸ್ಯಾರ, ತಡಾ ಆತಂತ ಹೆದರಬ್ಯಾಡ್ರಿ. ಓಣ್ಯಾಗ ಸೂಜಿಗೆ ಅಂಜೋವರಿಗೆ ಹೇಳ್ರಿ, 1898ರಾಗ ಪ್ಲೇಗ್ ಬಂದಾಗ ವಿಜ್ಞಾನಿ ಹಾಫ್‌ಕಿನ್ ಲಸಿಕಿನ ನಮ್ಮ ಹುಬ್ಬಳ್ಳಿ ಮಂದಿ ಚುಚ್ಚಿಸಿಕೊಂಡಿದ್ರು.

ಅಪ್ಪನ ಶುಗರ್ ಗುಳಿಗಿ ಚೀಟಿ, ಆಧಾರ್, ಫೋನ್ ಚಾರ್ಜರ್, ಆಕ್ಸಿಮೀಟರ್ ಅಂಕಿ ಬರದ ವಹಿ ಒಂದು ಚೀಲದಾಗ ಹಾಕಿ ಬಾಗಲ ಹಿಂದಿನ ಗೂಟಕ್ಕ ತೂಗಹಾಕ್ರಿ. ಗದಗಿನ ದೊಡ್ಡ ದವಾಖಾನಿ ಜಿಮ್ಸ್‌ಗೆ ಹೋಗಲಿ, ಹುಬ್ಬಳ್ಳಿ ಕಿಮ್ಸ್‌ಗೆ ಹೋಗಲಿ, ಮೊದಲ ಕೇಳೂದು ಅವನ್ನ.

ಊದಿನಕಡ್ಡಿ ಹೊಗಿ ಯಾವ ಕಡಿ ಹೋತು ಅಂತ ನಾಳೆ ವಿಡಿಯೋದಾಗ ತೋರಸ್ರಿ.

ಇಂತಿ ನಿಮ್ಮ ಮಗಳು