ಆತಂಕದ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. "ನನ್ನ ಹತ್ರ ಮಾತ್ರೆ ಉಳಿದಿದೆ, ಬೇಕಾದ್ರೆ ಕೊಡ್ತೀನಿ" ಅಂತ ಗುಂಪಿನಲ್ಲಿ ಮಾತು ಬಂದಿತ್ತು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಆದರೂ ದಯವಿಟ್ಟು ಬೇಡ.

ಅಲ್‌ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಾಜೆಪಾಮ್ ಎಲ್ಲವೂ ಒಂದೇ ಜಾತಿಯ ಔಷಧಿ. ನುಂಗಿದ ಸ್ವಲ್ಪ ಹೊತ್ತಿಗೇ ಮನಸ್ಸು ಹಗುರಾಗುತ್ತದೆ. ಅಂಟಿಕೊಳ್ಳುವುದೂ ಅದಕ್ಕೇ. ದಿನಾ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಬಿಡಬಹುದು. ಹಾಗಾಗಿ ಸಾಮಾನ್ಯವಾಗಿ 2ರಿಂದ 4 ವಾರಕ್ಕಿಂತ ಜಾಸ್ತಿ ಬೇಡ ಅನ್ನುತ್ತಾರೆ. ಚೀಟಿ ಬರೆಸಿಕೊಳ್ಳುವಾಗಲೇ "ಎಷ್ಟು ದಿನ? ನಿಲ್ಲಿಸೋದು ಹೇಗೆ?" ಅಂತ ಡಾಕ್ಟರನ್ನು ಕೇಳಿ. ಹಾಗೆ ಕೇಳೋದರಲ್ಲಿ ಸಂಕೋಚ ಯಾಕೆ, ಅಲ್ವಾ?

ತಿಂಗಳುಗಟ್ಟಲೆಯಿಂದ ತೆಗೆದುಕೊಳ್ಳುತ್ತಿದ್ದೀರಾ? ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಒಮ್ಮೆಲೇ ಬಿಟ್ಟರೆ ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಆತಂಕ ಮೊದಲಿಗಿಂತ ಜೋರಾಗಿ ಮರಳುತ್ತದೆ. ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಡಾಕ್ಟರ್ ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಎಷ್ಟೋ ಸಲ 2ರಿಂದ 4 ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಮಾತ್ರ. ನಿಧಾನ ಅಂತ ಬೇಜಾರಾಗಬೇಡಿ. ಇದು ಮನೋಬಲದ ಪ್ರಶ್ನೆಯಲ್ಲ, ಮಿದುಳು ಹೊಂದಿಕೊಳ್ಳೋಕೆ ಸಮಯ ಬೇಕು.

ಮದ್ಯದ ಜೊತೆ ಬೇಡವೇ ಬೇಡ. ಟ್ರಮಡಾಲ್ ಥರದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ನಡೆಯುತ್ತಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಆತಂಕದ ಮಾತ್ರೆಯ ಜೊತೆ ಇವು ಸೇರಿದರೆ ಉಸಿರಾಟವೇ ಕುಗ್ಗಬಹುದು. ಮಂಪರಿದ್ದಾಗ ಗಾಡಿ ಓಡಿಸಬೇಡಿ.

ಬಹಳ ದಿನದ ಆತಂಕಕ್ಕೆ ಆಪ್ತಸಮಾಲೋಚನೆ ಇದೆ, ಈ ರೀತಿ ಅಂಟಿಕೊಳ್ಳದ ಬೇರೆ ಮಾತ್ರೆಗಳೂ ಇವೆ. ಅವು ಕೆಲಸ ಮಾಡೋಕೆ ಕೆಲವು ವಾರ ಬೇಕು, ನಡುವೆ ಕೈಬಿಡಬೇಡಿ. ಡೋಸ್ ಎಷ್ಟು ಅಂತ ಮಾತ್ರ ಗುಂಪಿನಲ್ಲಿ ಕೇಳಬೇಡಿ, ಯಾರೂ ಹೇಳಲೂ ಬೇಡಿ. ಮಿಕ್ಕಂತೆ ಏನೇ ಕಷ್ಟ ಇದ್ದರೂ ಇಲ್ಲಿ ಬರೆಯಿರಿ.