ಮೊಸಳೆಗೆ ಕಲ್ಲು ಬೇಡ, ದಂಡೆಗೆ ಬೋರ್ಡ್ ಬೇಕು

ಮಾನ್ಯರೇ,

ಮಕ್ಕಳ ರಜೆಯಲ್ಲಿ ದಾಂಡೇಲಿಗೆ ಹೋಗಿದ್ದೆವು. ಕಾಳಿ ನದಿ ದಂಡೆಯ ಮೊಸಳೆ ಪಾರ್ಕಿನಲ್ಲಿ ಒಂದು ದೊಡ್ಡ ಮೊಸಳೆ ಬಾಯಿ ಕಳೆದು ಬಂಡೆ ಮೇಲೆ ಮಲಗಿತ್ತು. ಹಲ್ಲಿನ ಸಂದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಸಿಟ್ಟಿಗಲ್ಲ, ಮೈ ಬಿಸಿ ಇಳಿಸಿಕೊಳ್ಳಲು ಅದು ಹಾಗೆ ಬಾಯಿ ತೆರೆಯುತ್ತದೆ. ಸತ್ತಿದೆಯೋ ಬದುಕಿದೆಯೋ ನೋಡೋಣ ಅಂತ ಯಾರೋ ಹುಡುಗರು ಕಲ್ಲು ಎಸೆದರು. ನನಗೆ ಹೊಟ್ಟೆ ಉರಿಯಿತು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಪ್ರಾಣಿ ಅದು.

ಮಧ್ಯಾಹ್ನ ಅಲ್ಲಿಯ ಅಜ್ಜಿಯೊಬ್ಬರು ಊಟಕ್ಕೆ ಚಿಗಳಿ ಚಟ್ನಿ ಬಡಿಸಿದರು. ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಇರುವೆಗಳನ್ನು ಹುರಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದದ್ದು. ಹುಣಸೆಹಣ್ಣು ಹಾಕಿಲ್ಲ, ಹುಳಿಯೆಲ್ಲ ಇರುವೆಯದ್ದೇ. ರೊಟ್ಟಿಗೆ ನಮ್ಮ ಗುರೆಳ್ಳು ಚಟ್ನಿಯಷ್ಟೇ ಚೆನ್ನಾಗಿ ಹೊಂದಿತು. ಇಂಥ ಊಟ ಪ್ರವಾಸಿಗರಿಗೆ ಸುಲಭವಾಗಿ ಸಿಗಬೇಕು, ಅಲ್ವಾ?

ನಮ್ಮ ಕೃಷ್ಣೆಯಲ್ಲೂ ಮೊಸಳೆಗಳಿವೆ. ಒಮ್ಮೊಮ್ಮೆ ಹೊಲಕ್ಕೂ ಬರುತ್ತವೆ. ಹೆದರಿದ ಜನ ಸುಮ್ನೆ ಬಡಿಗೆ ಹಿಡಿದರೆ ಇಬ್ಬರಿಗೂ ಅಪಾಯ. ಬಟ್ಟೆ ಒಗೆಯುವ, ಎಮ್ಮೆ ಮೈ ತೊಳೆಯುವ ಕಡೆಗಳಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಬೋರ್ಡ್ ಹಾಕಲಿ. ಮೊಸಳೆ ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರೂ ಅದರಲ್ಲಿರಲಿ. ಇದು ಬೇಸಿಗೆಗೆ ಮೊದಲೇ ಆಗಬೇಕು.

– ಒಬ್ಬ ರೈತ, ಬೀಳಗಿ, ಬಾಗಲಕೋಟೆ ಜಿಲ್ಲೆ