ಮನೆ ನೋಡುವ ಮೊದಲು ರಿಪೋರ್ಟ್ ನೋಡು

ಪುಟ್ಟೀ,

ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಾಲ ತೆಗೆದು ಕೊಳ್ಳುವ ಮನೆ ಹುಡುಕಲು ಹೊರಡುವ ಮೊದಲು ನಿನ್ನ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡು. ನೀನು ತೆಗೆದ ಸಾಲಗಳು, ಅವನ್ನು ಕಟ್ಟಿದ ರೀತಿ ಎಲ್ಲ ಬರೆದಿರುವ ದಾಖಲೆ ಅದು; ಅದನ್ನೇ ಒಂದು ಅಂಕಿಗೆ ಇಳಿಸಿದರೆ ಸ್ಕೋರ್. ಸ್ಕೋರ್ ಒಂದನ್ನೇ ನೋಡಿ ಮುಚ್ಚಿಡಬೇಡ, ಕೊನೆಯ ಪುಟದವರೆಗೂ ಓದು. ಮನೆಗೆ ಅಡ್ವಾನ್ಸ್ ಕೊಟ್ಟಾದ ಮೇಲೆ ಅದರಲ್ಲೊಂದು ತಪ್ಪು ಕಂಡರೆ, ಸರಿಪಡಿಸುವಷ್ಟು ಪುರುಸೊತ್ತು ಯಾರೂ ಕೊಡುವುದಿಲ್ಲ.

ನಾವೇ ನೋಡಿದರೆ ಸ್ಕೋರ್ ಇಳಿಯುತ್ತದಂತೆ ಅಂತ ಕೇಳಿದ್ದೆಯಲ್ಲ? ಇಳಿಯುವುದಿಲ್ಲ. ಎಷ್ಟು ಸಲ ಬೇಕಾದರೂ ನೋಡಿಕೋ. ನೀನು ಸಾಲಕ್ಕೆ ಅರ್ಜಿ ಹಾಕಿ, ಬ್ಯಾಂಕಿನವರು ನಿನ್ನ ರಿಪೋರ್ಟ್ ತೆಗೆಸಿದಾಗ ಮಾತ್ರ ಅದು ಹಾರ್ಡ್ ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಆಗ ಸ್ಕೋರ್ ಸ್ವಲ್ಪ ಕೆಳಗೆ ಬರಬಹುದು. ಒಂದೆರಡಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸುಮ್ನೆ ಬಡ್ಡಿ ವಿಚಾರಿಸೋಣ ಅಂತ ಕಂಡ ಕಂಡ ಆ್ಯಪಿನಲ್ಲೆಲ್ಲ ಅರ್ಜಿ ಹಾಕಬೇಡ. ಒಂದೇ ತಿಂಗಳಲ್ಲಿ ಏಳೆಂಟು ಕಡೆ ಹೆಸರು ಕಂಡರೆ, ಇವಳಿಗೇನೋ ದುಡ್ಡಿನ ಮುಗ್ಗಟ್ಟು ಇರಬೇಕು ಅಂತಲೇ ಅವರು ಲೆಕ್ಕ ಹಾಕುತ್ತಾರೆ. ಅಮೆರಿಕದ ಫೈಕೋ ಸ್ಕೋರಿನ ಹೊಸ ಆವೃತ್ತಿಗಳಲ್ಲಿ 45 ದಿನದೊಳಗೆ ಮನೆ ಸಾಲಕ್ಕೆ ಎಷ್ಟು ಕಡೆ ಕೇಳಿದರೂ ಅದನ್ನು ಒಂದೇ ಸಲ ಅಂತ ಹಿಡಿಯುತ್ತಾರೆ. ಎಲ್ಲ ಕಡೆಯೂ ಹಾಗೇ ಅಂತ ನಂಬಿಕೊಂಡು ಕೂರಬೇಡ. ಮೊದಲು ಬಾಯಿಮಾತಿನಲ್ಲಿ ದರ ಕೇಳು, ರಿಪೋರ್ಟ್ ತೆಗೆಯಲು ಒಪ್ಪಿಗೆ ಕೊಡುವುದು ಆಮೇಲಿನ ಮಾತು.

ಸ್ಕೋರಿನ ಅಂಕಿ ನೋಡಿ ಬೀಗುವುದೂ ಬೇಡ, ಕುಗ್ಗುವುದೂ ಬೇಡ. ನಮ್ಮ ಭಾರತದ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಹೋಗುತ್ತದೆ, ಫೈಕೋ 850ಕ್ಕೇ ನಿಲ್ಲುತ್ತದೆ. ಯಾವುದರಲ್ಲೂ ನಿನ್ನ ಸಂಬಳದ ಲೆಕ್ಕ ಇಲ್ಲ. ಸಂಬಳ ಜಾಸ್ತಿ ಇದೆ, ಸಾಲ ಕೊಟ್ಟೇ ಕೊಡುತ್ತಾರೆ ಅಂದುಕೊಂಡವರು ಮುಗ್ಗರಿಸುವುದು ಇಲ್ಲೇ. ಫೈಕೋದವರೇ ಹೇಳುವ ಪ್ರಕಾರ ಸ್ಕೋರಿನ 35 ಶೇಕಡಾ ಸಮಯಕ್ಕೆ ಸರಿಯಾಗಿ ಕಟ್ಟಿದ್ದೀಯಾ ಅನ್ನುವುದರ ಮೇಲೆ ನಿಂತಿದೆ, 30 ಶೇಕಡಾ ಎಷ್ಟು ಬಾಕಿ ಇದೆ ಅನ್ನುವುದರ ಮೇಲೆ.

ಈ ಬಾಕಿಯ ವಿಷಯದಲ್ಲಿ ಒಂದು ಕಿತಾಪತಿ ಇದೆ. ನಿನ್ನ ಕ್ರೆಡಿಟ್ ಕಾರ್ಡಿನ ಮಿತಿ ಒಂದು ಲಕ್ಷ ಅಂತಿಟ್ಟುಕೋ. ತಿಂಗಳಿಗೆ 90 ಸಾವಿರ ಬಳಸಿ, ಗಡುವಿನೊಳಗೆ ಪೂರ್ತಿ ಕಟ್ಟುತ್ತೀಯ. ಒಂದು ಪೈಸೆ ಬಡ್ಡಿ ಇಲ್ಲ. ಆದರೂ ಕಾರ್ಡ್ ಕಂಪನಿ ಬ್ಯೂರೋಗೆ, ಅಂದರೆ ಈ ರಿಪೋರ್ಟ್ ತಯಾರಿಸುವ ಸಂಸ್ಥೆಗೆ, ಲೆಕ್ಕ ಕಳಿಸುವ ದಿನ ನಿನ್ನ ಬಾಕಿ 90 ಸಾವಿರ ಇದ್ದರೆ, ಮಿತಿಯ 90 ಶೇಕಡಾ ಬಳಸಿದವಳು ಅಂತಲೇ ಕಾಣುತ್ತದೆ, ಸ್ಕೋರ್ ಇಳಿಯಬಹುದು. ನ್ಯಾಯ ಅನ್ನಿಸುವುದಿಲ್ಲ, ಅಲ್ವಾ? ನನಗೂ ಅನ್ನಿಸುವುದಿಲ್ಲ. ಅರ್ಜಿ ಹಾಕುವ ಮುಂಚಿನ ಕೆಲವು ತಿಂಗಳು ಬಿಲ್ ಬರುವ ಮೊದಲೇ ಬಹುಪಾಲು ಕಟ್ಟಿಬಿಡು.

ರಿಪೋರ್ಟಿನ ಒಳಗೆ ಪ್ರತಿ ಸಾಲದ ಕೆಳಗೂ ತಿಂಗಳಿಗೊಂದರಂತೆ ಪುಟ್ಟ ಚೌಕಗಳಿರುತ್ತವೆ. ಸಿಬಿಲ್‌ನಲ್ಲಾದರೆ ಅದರಲ್ಲಿ 000 ಅಂತಿದ್ದರೆ ಆ ತಿಂಗಳು ಬಾಕಿ ಇಲ್ಲ ಅಂತ. 030 ಅಂತಿದ್ದರೆ 30 ದಿನ ತಡವಾಗಿದೆ ಅಂತ. ಸ್ಕೋರಿಗಿಂತ ಜಾಸ್ತಿ ಹೊತ್ತು ಈ ಸಾಲುಗಳ ಮೇಲೆ ಕಣ್ಣಾಡಿಸು. ತೀರಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಅಂತ ತೋರಿಸುತ್ತಿದೆಯಾ, ನಿನ್ನದಲ್ಲದ ಖಾತೆ ಬಂದು ಸೇರಿಕೊಂಡಿದೆಯಾ ನೋಡು. 'ಸೆಟಲ್ಡ್' ಅನ್ನುವ ಪದ ಕಂಡರೆ ಎಚ್ಚರ. ಪೂರ್ತಿ ಕಟ್ಟದೆ, ಬ್ಯಾಂಕಿನವರು ಒಪ್ಪಿದಷ್ಟಕ್ಕೆ ಮುಗಿಸಿದ ಸಾಲ ಅಂತ ಅದರ ಅರ್ಥ. ಭಾರತದಲ್ಲಿ ಪ್ರತಿ ಬ್ಯೂರೋನೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ದುಡ್ಡು ಕೇಳುವ ಆ್ಯಪುಗಳ ಗೊಡವೆ ಬೇಡ.

ಸ್ಕೋರ್ ಚೆನ್ನಾಗಿದ್ದರೆ ಬಡ್ಡಿ ಸ್ವಲ್ಪ ಕಡಿಮೆಗೆ ಸಿಗಬಹುದು. ಇಷ್ಟೆಲ್ಲ ಒದ್ದಾಟ ಅರ್ಧ ಶೇಕಡಾ ಬಡ್ಡಿಗಾ ಅಂತ ನಗಬೇಡ. 20 ವರ್ಷಕ್ಕೆ 50 ಲಕ್ಷ ಸಾಲ ತೆಗೆದರೆ, 8.5 ಶೇಕಡಾಕ್ಕೆ ತಿಂಗಳ ಕಂತು ಸುಮಾರು 43,400. 9 ಶೇಕಡಾ ಆದರೆ ಸುಮಾರು 45,000. ಕೊನೆಗೆ ಲೆಕ್ಕ ಹಾಕಿದರೆ 3.8 ಲಕ್ಷ ಜಾಸ್ತಿ ಕಟ್ಟಿರುತ್ತೀಯ. ಒಳ್ಳೆ ಸ್ಕೋರ್ ಇದ್ದ ಮಾತ್ರಕ್ಕೆ ಸಾಲ ಸಿಕ್ಕೇಬಿಡುವುದಿಲ್ಲ, ಆದಾಯ, ಈಗಿನ ಕಂತುಗಳು, ಮನೆಯ ಪತ್ರ ಎಲ್ಲವನ್ನೂ ನೋಡುತ್ತಾರೆ.

ಅಳಿಯಂದಿರ ಜೊತೆ ಜಂಟಿಯಾಗಿ ಅರ್ಜಿ ಹಾಕುವುದಾದರೆ ಅವರ ರಿಪೋರ್ಟನ್ನೂ ತೆಗೆಸು. ಅವರು ಯಾವುದೋ ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ಅಲ್ಲಿ ಕಾಣಿಸಬಹುದು. ಈ ಮಾತು ಕೇಳುವುದಕ್ಕೆ ಮುಜುಗರ ಅನ್ನಿಸಿದರೆ ನನ್ನ ಹೆಸರು ಹೇಳು, ಪರವಾಗಿಲ್ಲ.

ಇನ್ನೊಂದು. ಸಾಲ ಮಂಜೂರಾಯಿತು ಅಂತ ಪತ್ರ ಬಂದ ಖುಷಿಯಲ್ಲಿ ಫ್ರಿಜ್ಜು, ಸೋಫಾ ಅಂತ ಕಂತಿನ ಮೇಲೆ ತರಬೇಡ. ಹಣ ಬಿಡುಗಡೆ ಮಾಡುವ ಮುಂಚೆ ಕೆಲವರು ಮತ್ತೊಮ್ಮೆ ರಿಪೋರ್ಟ್ ತೆಗೆದು ನೋಡುತ್ತಾರೆ. ಹಣ ಮನೆ ಮಾರಿದವರ ಕೈ ಸೇರಲಿ, ಆಮೇಲೆ ಏನು ಬೇಕೋ ತಗೋ.

ನಿನ್ನ ಅಪ್ಪ